ಮೇಜಿನ ಮೂಲೆಯಿಂದ: ರಾಹುಕಾಲವೂ ಲಾರಿಯ ಬ್ರೇಕೂ

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಭರಣಿಯನ್ನು ಕುರಿತು ನಾನು ಬರೆದ ನಾಲ್ಕು ಮಾತುಗಳನ್ನು ಓದಿ, "ಅಂತೂ ನಮ್ಮ ಗುಮಾಸ್ತರಿಗೆ ಅಡಿಗೆಮನೆಯ ದಾರಿ ತಿಳಿಯಿತು" ಎಂದು ಸಂಘದ ಸೋದರಿಯರು ನಕ್ಕರೆಂದು ಸಂಪಾದಕರು ತಿಳಿಸಿದ್ದಾರೆ. ನಕ್ಕವರಿಗೆ ವಂದನೆಗಳು. ಆದರೆ ಈ ಸಲ ಅವರಿಗೆ ನಿರಾಶೆಯಾಗುವ ಸಂಭವವಿದೆ. ಈ ಸಲದ ನನ್ನ ವಿಷಯ ಲಾರಿಯ ಬ್ರೇಕು. ಅದರ ಜೊತೆಗೆ ಸ್ವಲ್ಪ ಸ್ಟಿಯರಿಂಗು.

"ಲಾರಿಯ ಬ್ರೇಕಿಗೂ ನಮಗೂ ಏನು ಸಂಬಂಧ?" ಎಂದು ದಯವಿಟ್ಟು ಪುಟ ತಿರುವಬೇಡಿ. ಪುಣೆಯಲ್ಲಿರುವ ನಮ್ಮಲ್ಲಿ ಬಹುಮಂದಿಗೆ ಊರಿನಿಂದ ಮರಳಿ ಬರುವ ದಾರಿ ಒಂದೇ. ನಿಪ್ಪಾಣಿ, ಕೊಲ್ಹಾಪುರ, ಸಾತಾರಾಗಳನ್ನು ದಾಟಿ, ಕಾತ್ರಜದ ಹೊಸ ಸುರಂಗದಿಂದ ಹೊರಬಿದ್ದು, ನವಲೆ ಸೇತುವೆಯ ಕಡೆಗೆ ಇಳಿಯುವ ದಾರಿ ಅದು. ಮಕ್ಕಳು ನಿದ್ದೆಗಣ್ಣಿನಲ್ಲಿ "ಮನೆ ಬಂತೇ?" ಎಂದು ಕೇಳುವುದೂ ನಾವು ಚಪ್ಪಲಿ ಹುಡುಕತೊಡಗುವುದೂ ಆ ಇಳಿಜಾರಿನಲ್ಲಿಯೇ. ಅಲ್ಲಿ ನಮ್ಮ ಬಸ್ಸಿನ ಮುಂದೊಂದು ಹಿಂದೊಂದು ಲಾರಿ ಇದ್ದೇ ಇರುತ್ತದೆ. ಹಿಂದಿನ ಲಾರಿಯ ಬ್ರೇಕು ಅದರ ಮಾಲಿಕನ ಸೊತ್ತು, ನಿಜ. ಆದರೆ ಅದನ್ನು ನಂಬಿಕೊಂಡು ಕುಳಿತ ಜೀವ ನಮ್ಮದು.

ಈ ಜ್ಞಾನ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಬಿ.ಏ. ಓದಿದವನು, ಇತಿಹಾಸ ನನ್ನ ವಿಷಯ. ಬ್ರೇಕಿನ ಪಾಠವನ್ನು ನನಗೆ ಹೇಳಿಕೊಟ್ಟವರು ಬ್ಯಾಡಗಿಯಲ್ಲಿರುವ ನಮ್ಮ ಸೋದರಮಾವ. ಮೂವತ್ತು ವರ್ಷಕ್ಕೂ ಮೇಲೆ ಲಾರಿ ನಡೆಸಿ, ಈಗ ಮಗನ ಕೈಗೆ ಸ್ಟಿಯರಿಂಗು ಕೊಟ್ಟು ಕಟ್ಟೆಯ ಮೇಲೆ ಕುಳಿತಿದ್ದಾರೆ. ಕುಳಿತಿದ್ದಾರೆ ಎಂದೆನಷ್ಟೆ, ಬೆಳಿಗ್ಗೆ ಲಾರಿ ಹೊರಡುವ ಹೊತ್ತಿಗೆ ಮಾತ್ರ ಅವರು ಎಂದೂ ಕುಳಿತಿರುವುದಿಲ್ಲ.

ನಮ್ಮ ತಂದೆಯವರು ತೀರಿಕೊಂಡ ಮೇಲೆ ತಾಯಿಯವರು ಊರಿನಲ್ಲಿ ಒಬ್ಬರೇ ಉಳಿದಿದ್ದರು. ಕಳೆದ ಬೇಸಿಗೆಯಲ್ಲಿ ಹೇಗೋ ಒಪ್ಪಿಸಿ ಪುಣೆಗೆ ಕರೆತರುವುದೆಂದು ನಿಶ್ಚಯವಾಯಿತು. ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಒರಳುಕಲ್ಲು, ನಾನೂ ನನ್ನ ತಂಗಿಯೂ ಮಲಗಿದ ತೊಟ್ಟಿಲು, ತಂದೆಯವರ ಆರಾಮಕುರ್ಚಿ ಇವು ಮೂರೂ ಜೊತೆಗೆ ಬರಬೇಕು. ಬಸ್ಸಿನ ಮೇಲೆ ಒರಳುಕಲ್ಲು ಏರಿಸುವವರು ಯಾರು? ಮಾಮಾ ಹೇಳಿದರು: "ನಮ್ಮ ಗಾಡಿ ಸೋಮವಾರ ಮೆಣಸಿನಕಾಯಿ ಹೇರಿಕೊಂಡು ಪುಣೆಕ್ಕ ಹೊಂಟದ. ಸಾಮಾನು ಹಿಂದ ಇಡೂಣು, ತಂಗೆವ್ವ ಕ್ಯಾಬಿನ್ನಿನ್ಯಾಗ ಆರಾಮ ಕೂಡಲಿ. ನಾನೂ ಬರತೇನಿ."

ಸೋಮವಾರ ಏಳೂವರೆಗೆ ರಾಹುಕಾಲ ಹುಟ್ಟುತ್ತದೆ. ಮನೆ ಬಿಟ್ಟು ಹೊರಡುವ ದಿನ ತಾಯಿಯವರು ಅದರಲ್ಲಿ ಕಾಲಿಡಲಾರರು. ಆದ್ದರಿಂದ ಆರಕ್ಕೇ ಹೊರಡುವುದೆಂದು ಗೊತ್ತಾಯಿತು. ಐದಕ್ಕೇ ಎದ್ದು, ದೇವರಿಗೆ ದೀಪ ಹಚ್ಚಿ, ಬಾಗಿಲಿಗೆ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ, ತಾಯಿಯವರು ಮೊಸರನ್ನದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದು ನಿಂತರು. ನೋಡಿದರೆ ಮಾಮಾ ಲಾರಿಯ ಕೆಳಗೆ ಮಲಗಿದ್ದಾರೆ! ಹೊರಗೆ ಕಾಣುತ್ತಿದ್ದುದು ಅವರ ಎರಡು ಪಾದಗಳು ಮಾತ್ರ.

ನನಗೆ ಸ್ವಲ್ಪ ಸಿಟ್ಟೇ ಬಂದಿತೆನ್ನಬೇಕು. "ಮಾಮಾ, ಇದನ್ನೆಲ್ಲಾ ನಿನ್ನೆಯೇ ನೋಡಬಹುದಿತ್ತಲ್ಲ?" ಎಂದೆ. "ನಿನ್ನೀದು ನಿನ್ನಿಗೆ ನೋಡೇನಪಾ. ಇವತ್ತಿಂದು ಇವತ್ತು ನೋಡಬೇಕು. ನೀ ಅಲ್ಲೇ ನಿಂತು ಗಡಿಯಾರ ನೋಡಬ್ಯಾಡ, ಮ್ಯಾಲೆ ಹತ್ತಿ ಡ್ರೈವರ್ ಸೀಟಿನ್ಯಾಗ ಕೂಡು" ಎಂದು ಕೆಳಗಿನಿಂದ ಉತ್ತರ ಬಂದಿತು. ಹೀಗೆ ಜೀವಮಾನದಲ್ಲಿ ಮೊದಲ ಸಲ, ಕಡತ ಬಿಟ್ಟು ಬೇರೇನನ್ನೂ ಮುಂದೂಡಿ ಅರಿಯದ ನಾನು ಹತ್ತು ಗಾಲಿಯ ಲಾರಿಯ ಚಾಲಕನ ಪೀಠವನ್ನೇರಿದೆ.

ಮುಂದಿನ ಮಾತು ತಿಳಿಯಬೇಕಾದರೆ ಭಾರಿ ಲಾರಿಯ ಬ್ರೇಕು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನಮ್ಮ ಸ್ಕೂಟರಿನಲ್ಲಿ ತಂತಿ ಎಳೆಯುತ್ತದೆ. ಕಾರಿನಲ್ಲಿ ಎಣ್ಣೆ ಒತ್ತುತ್ತದೆ. ಭಾರಿ ಲಾರಿಯಲ್ಲಿ ಒತ್ತುವುದು ಗಾಳಿ. ಎಂಜಿನ್ನಿನ ಬಲದಿಂದ ತಿರುಗುವ ಒಂದು ಕಂಪ್ರೆಸರು ಹೊರಗಿನ ಗಾಳಿಯನ್ನು ಹಿಂಡಿ ಟ್ಯಾಂಕುಗಳಲ್ಲಿ ತುಂಬುತ್ತದೆ. ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 7-8 ಕಿಲೋ. ನಮ್ಮ ಕಾರಿನ ಟಯರಿನಲ್ಲಿರುವುದರ ಮೂರು ಪಟ್ಟಿಗೂ ಹೆಚ್ಚು. ಚಾಲಕ ಕಾಲೊತ್ತಿದಾಗ ಈ ಗಾಳಿ ಪ್ರತಿ ಗಾಲಿಯ ಹತ್ತಿರವಿರುವ ಒಂದು ಡಬ್ಬಿಯೊಳಗೆ ನುಗ್ಗಿ, ಅದರ ರಬ್ಬರಿನ ಪರದೆಯನ್ನು ತಳ್ಳುತ್ತದೆ. ಪರದೆಗೆ ಹೊಂದಿದ ಕಬ್ಬಿಣದ ಸಲಾಕೆ ಮುಂದೆ ಬಂದು ಒಂದು ಸಣ್ಣ ತೋಳನ್ನು ತಿರುಗಿಸುತ್ತದೆ. ಆ ತೋಳಿಗೆ ಗ್ಯಾರೇಜಿನವರು 'ಸ್ಲ್ಯಾಕು' ಎನ್ನುತ್ತಾರೆ. ತೋಳು ತಿರುಗಿದೊಡನೆ ಒಳಗಿನ ಕ್ಯಾಮು ತಿರುಗಿ, ಲೈನರು ಬಡಿದ ಎರಡು ಶೂಗಳು ಅಗಲವಾಗಿ ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಇಷ್ಟೇ.

ಇಷ್ಟರಲ್ಲಿಯೇ ಒಂದು ಕಳ್ಳತನ ಅಡಗಿದೆ. ಲೈನರು ದಿನದಿನಕ್ಕೂ ಕೂದಲೆಳೆಯಷ್ಟು ಸವೆಯುತ್ತದೆ. ಸವೆದಷ್ಟೂ ಲೈನರಿಗೂ ಡ್ರಮ್ಮಿಗೂ ನಡುವಿನ ಸಂದು ಹೆಚ್ಚುತ್ತದೆ. ಸಂದು ಹೆಚ್ಚಿದಷ್ಟೂ ಸಲಾಕೆ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಡಬ್ಬಿಯೊಳಗೆ ಅದು ಚಲಿಸಲು ಇರುವ ಜಾಗವೋ ಸ್ವಲ್ಪ. ಅದು ಮುಗಿಯಿತೆಂದರೆ ಗಾಳಿ ಎಷ್ಟೇ ನೂಕಲಿ, ಆ ಗಾಲಿಗೆ ಬ್ರೇಕಿಲ್ಲ. ಕಾರಿನಲ್ಲಾದರೆ ಎಣ್ಣೆ ಕಡಿಮೆಯಾದಾಗ ಪೆಡಲು ಆಳಕ್ಕೆ ಇಳಿದು, ಕಾಲಿಗೆ ಸುಳಿವು ಸಿಗುತ್ತದೆ. ಗಾಳಿಯ ಬ್ರೇಕಿನಲ್ಲಿ ಹಾಗಿಲ್ಲ. ಸಲಾಕೆ ಒಂದು ಇಂಚು ಬಂದರೂ ಎರಡು ಇಂಚು ಬಂದರೂ ಚಾಲಕನ ಪಾದಕ್ಕೆ ಒಂದೇ. ಕೆಳಗೆ ಹೋಗಿ ನೋಡಿದ ಹೊರತು ಗೊತ್ತಾಗುವುದಿಲ್ಲ. ಮಾಮಾ ಕೆಳಗೆ ಮಲಗಿದ್ದುದು ಇದಕ್ಕೇ.

ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕು ಬಿಡಿಸಿ, ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ಅವರು "ಒತ್ತು" ಎಂದರೆ ನಾನು ಒತ್ತುವುದು, "ಬಿಡು" ಎಂದರೆ ಬಿಡುವುದು. ಸಲಾಕೆ ಹೊರಬೀಳುವ ಜಾಗದಲ್ಲಿ ಒಂದು ಗೆರೆ. ಒತ್ತಿದಾಗ ಗೆರೆ ಎಷ್ಟು ದೂರ ಸರಿಯಿತು ಎಂಬುದಕ್ಕೆ ಪಟ್ಟಿಯ ಅಳತೆ. ಹತ್ತು ಗಾಲಿಯ ಲಾರಿಯಲ್ಲಿ ಹೀಗೆ ಆರು ಕಡೆ ನೋಡಬೇಕು. ಐದು ಕಡೆ ಒಂದೂಕಾಲು ಇಂಚಿನ ಆಸುಪಾಸು. ಎಡಗಡೆಯ ಕಡೆಯ ಗಾಲಿಯಲ್ಲಿ ಮಾತ್ರ ಎರಡು ಇಂಚನ್ನು ದಾಟಿತ್ತು. ಲಾರಿಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ, 30 ಎಂಬ ಸಂಖ್ಯೆಯ ಡಬ್ಬಿಗೆ ಅಮೆರಿಕದ ನಿಯಮದಲ್ಲಿ ಎರಡು ಇಂಚೇ ಮೇಲ್ಮಿತಿ. ಮಾಮಾ ಅಮೆರಿಕವನ್ನು ಕಂಡವರಲ್ಲ. ಅವರ ಲೆಕ್ಕವೂ ಅಲ್ಲಿಗೇ ಬಂದು ನಿಂತಿತ್ತು.

"ಬ್ರೇಕು ಚಲೋ ಹಿಡೀತಾವಲ್ಲಪಾ. ನಿನ್ನೆ ರಾತ್ರಿ ಹಾವೇರಿಯಿಂದ ನಾನs ತಂದೇನಲ್ಲ" ಎಂದು ಅವರ ಮಗ ಮೆಲ್ಲಗೆ ಅಂದ.

"ಹಿಡೀತಾವ, ಸಪಾಟ ದಾರ್‍ಯಾಗ ಐದು ಗಾಲಿ ಹಿಡದು ನಿಲ್ಲಸ್ತಾವ. ಇಳಕಲಿನ್ಯಾಗ ಕೇಳು ಅವನ್ನ" ಎಂದರು ಮಾಮಾ.

ನನಗೆ ಇದು ಚೆನ್ನಾಗಿ ಅರ್ಥವಾಯಿತು. ಆರು ಜನ ಗುಮಾಸ್ತರ ಕಚೇರಿಯಲ್ಲಿ ಒಬ್ಬ ಹಾಜರಿ ಹಾಕಿ ಕ್ಯಾಂಟೀನಿನಲ್ಲಿ ಕುಳಿತರೆ ಸಾಮಾನ್ಯ ದಿನಗಳಲ್ಲಿ ಸಾಹೇಬರಿಗೆ ಗೊತ್ತೇ ಆಗುವುದಿಲ್ಲ. ಐವರು ಸೇರಿ ದೂಡುತ್ತಾರೆ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಐವರೂ ಸುಸ್ತಾಗಿ ಬಿದ್ದಾಗ ನಿಜ ಹೊರಬೀಳುತ್ತದೆ. ಲಾರಿಯ ಮಾರ್ಚ್ ತಿಂಗಳು ಎಂದರೆ ಘಟ್ಟದ ಇಳಿಜಾರು. ಒಂದು ಗಾಲಿ ಕೆಲಸಗಳ್ಳನಾದರೆ ಅದರ ಪಾಲಿನ ಭಾರ ಉಳಿದ ಐದರ ಮೇಲೆ. ಅವು ಹೆಚ್ಚು ಕಾಯುತ್ತವೆ. ಕಾದ ಡ್ರಮ್ಮು ಹಿಗ್ಗುತ್ತದೆ. ಹಿಗ್ಗಿದ ಡ್ರಮ್ಮನ್ನು ಮುಟ್ಟಲು ಅಲ್ಲಿಯೂ ಸಲಾಕೆ ಹೆಚ್ಚು ದೂರ ಬರಬೇಕು. ಕಾದ ಲೈನರಿನ ಹಿಡಿತವೂ ತಗ್ಗುತ್ತದೆ. ಹೀಗೆ ಒಂದರ ರೋಗ ಆರಕ್ಕೂ ಅಂಟುತ್ತದೆ.

ಭಾರವಾದರೂ ಎಷ್ಟು? ಮೂರು ಆಕ್ಸಲಿನ ಇಂಥ ಲಾರಿ ಸರಕು ಸಹಿತ 25 ಟನ್ನು ತೂಗಬಹುದು ಎಂದಿದ್ದುದನ್ನು ಕೇಂದ್ರ ಸರಕಾರ 2018ರಲ್ಲಿ 28.5 ಟನ್ನಿಗೆ ಏರಿಸಿತು. ಅಷ್ಟು ತೂಕ ಇಳಿಜಾರಿನಲ್ಲಿ ಓಡುವಾಗ ವೇಗ ಇಮ್ಮಡಿಯಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಮಡಿ ಆಗುತ್ತದೆ. ಅದೆಲ್ಲವೂ ಶಾಖವಾಗಿ ಹೋಗಬೇಕಾದದ್ದು ಆ ಆರು ಡ್ರಮ್ಮುಗಳ ಮೂಲಕವೇ.

ಮಾಮಾ ಪಾನಾ ಹಿಡಿದು ಸ್ಲ್ಯಾಕಿನ ತಿರುಪನ್ನು ಲೈನರು ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಮತ್ತೆ ಸ್ವಲ್ಪ ಹಿಂದಕ್ಕೆ ಬಿಟ್ಟರು. ಪೂರ್ತಿ ಬಿಗಿ ಮಾಡಿದರೆ ಲೈನರು ಸದಾ ಉಜ್ಜಿ ಕಾಯುತ್ತದೆಯಂತೆ. ಈಚಿನ ಲಾರಿಗಳಲ್ಲಿ ತಾನೇ ಬಿಗಿಯಾಗುವ ಸ್ಲ್ಯಾಕುಗಳು ಬಂದಿವೆ. ಹಾಗೆಂದು ನೋಡುವ ಕೆಲಸ ತಪ್ಪಲಿಲ್ಲ. ತಾನೇ ಬಿಗಿಯಾಗಬೇಕಾದದ್ದು ಸಡಿಲವಿದ್ದರೆ ಅದನ್ನು ಪಾನಾದಿಂದ ತಿರುಗಿಸಿ ಮರೆಯುವುದಲ್ಲ. ಯಾಕೆ ಬಿಗಿಯಾಗಲಿಲ್ಲ ಎಂದು ಮಿಸ್ತ್ರಿಗೆ ತೋರಿಸಬೇಕು.

ಇಷ್ಟಕ್ಕೆ ಮುಗಿಯಿತೇ? ಇಲ್ಲ. ಗಾಳಿಯ ಟ್ಯಾಂಕಿನ ಕೆಳಗಿನ ಸಣ್ಣ ತೂಬನ್ನು ಬಿಚ್ಚಿದರು. ಬುಸ್ಸೆಂದು ಚಹಾದ ಬಣ್ಣದ ನೀರು ಹಾರಿತು. ಗಾಳಿಯನ್ನು ಹಿಂಡಿದಾಗ ಅದರಲ್ಲಿದ್ದ ತೇವ ನೀರಾಗಿ ತಳದಲ್ಲಿ ಕೂಡುತ್ತದೆ. ಕಂಪ್ರೆಸರಿನ ಎಣ್ಣೆಯೂ ಅದರೊಡನೆ ಬೆರೆಯುತ್ತದೆ. ದಿನವೂ ಬಿಡದಿದ್ದರೆ ಅದು ಟ್ಯಾಂಕಿಗೆ ತುಕ್ಕು ಹಿಡಿಸಿ, ವಾಲ್ವುಗಳಲ್ಲಿ ರಾಡಿ ಕಟ್ಟುತ್ತದೆ. ನೀರು ನಿಂತಷ್ಟು ಜಾಗ ಗಾಳಿಗೆ ಕಡಿಮೆ. ಮತ್ತೆ ಎಂಜಿನ್ನು ಹಚ್ಚಿ, ಗಾಳಿ ತುಂಬಿಸಿ, ಎಂಜಿನ್ನು ಆರಿಸಿ, "ಒತ್ತಿ ಹಿಡಿ, ಮುಳ್ಳು ನೋಡು, ಒಂದು ನಿಮಿಷ" ಎಂದರು. ಒಂದು ನಿಮಿಷ ಎಷ್ಟು ದೀರ್ಘವಾದದ್ದೆಂಬುದು ನನಗೆ ಅಂದು ತಿಳಿಯಿತು. ಮುಳ್ಳು ಕೆಳಗಿಳಿಯುತ್ತಿದ್ದರೆ ಎಲ್ಲಿಯೋ ಗಾಳಿ ಸೋರುತ್ತಿದೆ ಎಂದರ್ಥ. ಇಳಿಯಲಿಲ್ಲ.

ಸೋರಿದರೆ ಏನಾಗುತ್ತದೆ? "ಗಾಳಿ ಹೋದರೆ ಬ್ರೇಕು ಹೋಯಿತು" ಎಂದು ನಾನೂ ತಿಳಿದಿದ್ದೆ. ಅದು ಪೂರ್ತಿ ನಿಜವಲ್ಲ. ಇಂದಿನ ಬಹಳಷ್ಟು ಭಾರಿ ಲಾರಿಗಳಲ್ಲಿ ಹ್ಯಾಂಡ್ ಬ್ರೇಕು ಎಂಬುದು ಒಂದು ಬಲವಾದ ಸ್ಪ್ರಿಂಗು. ಅದನ್ನು ಹಿಂದಕ್ಕೆ ಒತ್ತಿಟ್ಟಿರುವುದೇ ಗಾಳಿ. ಗಾಳಿ ತೀರ ಇಳಿದರೆ ಸ್ಪ್ರಿಂಗು ಬಿಚ್ಚಿಕೊಂಡು ತಾನೇ ಗಾಲಿಯನ್ನು ಹಿಡಿಯುತ್ತದೆ. ಒಳ್ಳೆಯ ಯುಕ್ತಿಯೇ. ಆದರೆ ಸ್ಪ್ರಿಂಗು ಕೆಲಸ ಮಾಡುವುದೂ ಅದೇ ಸ್ಲ್ಯಾಕಿನ ಮೂಲಕ. ಸ್ಲ್ಯಾಕು ಸಡಿಲವಿದ್ದರೆ ಆ ಕಡೆಯ ನಂಟನೂ ಕೈಬಿಟ್ಟಂತೆಯೇ.

ಆಮೇಲೆ ಸ್ಟಿಯರಿಂಗಿನ ಸರದಿ. ಎಂಜಿನ್ನು ಹಚ್ಚಿಟ್ಟು ಚಕ್ರವನ್ನು ಅತ್ತಿತ್ತ ಅಲುಗಿಸಲು ಹೇಳಿದರು. ಕೆಳಗಿನ ಗಾಲಿ ಅಲುಗುವ ಮೊದಲು ಕೈಯಲ್ಲಿಯ ಚಕ್ರ ಎಷ್ಟು ದೂರ ಖಾಲಿ ತಿರುಗುತ್ತದೆ ಎಂಬುದನ್ನು ನೋಡುವುದು. "ಗಡಿಯಾರದಾಗ ಹನ್ನೆರಡರಿಂದ ಒಂದರ ತನಕ ಖಾಲಿ ತಿರುಗಿದ್ರ ಗಾಡಿ ಹೊರಗ ತಗೀಬಾರದು" ಎಂದರು. ಪುಣೆಗೆ ಬಂದ ಮೇಲೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತೆರೆದು ನೋಡಿದೆ. ನಿಯಮ ಎಂದರೆ ನಮ್ಮಂಥವರ ಕಿವಿ ನಿಮಿರುವುದಷ್ಟೆ. 98ನೆಯ ನಿಯಮದಲ್ಲಿ ಸ್ಟಿಯರಿಂಗಿನ ಈ ಖಾಲಿ ತಿರುಗು 30 ಡಿಗ್ರಿಯನ್ನು ಮೀರಬಾರದೆಂದು ಬರೆದಿದೆ. ಗಡಿಯಾರದ ಹನ್ನೆರಡರಿಂದ ಒಂದಕ್ಕೆ ಸರಿಯಾಗಿ 30 ಡಿಗ್ರಿ! ಗೆಜೆಟ್ಟನ್ನು ಓದದ ನಮ್ಮ ಮಾಮಾ ಗಡಿಯಾರದಲ್ಲಿ ಅದನ್ನು ಓದಿದ್ದರು.

ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಸ್ಟಿಯರಿಂಗಿನ ಸಲಾಕೆಗಳನ್ನು ಕೂಡಿಸುವ ಗುಂಡು ಕೀಲುಗಳಿಗೆ ರಬ್ಬರಿನ ಟೊಪ್ಪಿಗೆ ಇರಬೇಕು. ಬೋಲ್ಟುಗಳು ತಾವಾಗಿ ಬಿಚ್ಚದಂತೆ ಬಂದೋಬಸ್ತಾಗಿರಬೇಕು. ಎಂಟಾಣೆಯ ಬೆಲೆಯೂ ಬಾರದೆಂಬಂತೆ ಕಾಣುವ ರಬ್ಬರು ಟೊಪ್ಪಿಗೆಯನ್ನು ದೇಶದ ಕಾನೂನಿನಲ್ಲಿ ಏಕೆ ಬರೆದರು? ಅದು ಹರಿದರೆ ಒಳಗಿನ ಗ್ರೀಸು ಹೊರಗೆ, ಹೊರಗಿನ ಧೂಳು ಒಳಗೆ. ಗುಂಡು ಸವೆದು ಅಲುಗತೊಡಗುತ್ತದೆ. ಒಬ್ಬರು ಚಕ್ರವನ್ನು ಎಡಬಲಕ್ಕೆ ತಿರುಗಿಸುತ್ತಿರುವಾಗ ಇನ್ನೊಬ್ಬರು ಕೆಳಗಿನಿಂದ ಟೈ ರಾಡಿನ ತುದಿಗಳನ್ನು ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ. ಮುಂದಿನ ಟಯರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅದೂ ಒಂದು ದೂರು ಅರ್ಜಿಯೇ. ಕಿಂಗ್‌ಪಿನ್ನು, ಟೈ ರಾಡು, ಕ್ಯಾಮಿನ ಬುಶ್ಶು ಇವುಗಳಿಗೆ ಗ್ರೀಸು ಹೊಡೆಯುವಾಗಲೂ ಮಾಮಾ ಲೆಕ್ಕ ತಪ್ಪಲಿಲ್ಲ. ಕ್ಯಾಮಿಗೆ ಧಾರಾಳವಾಗಿ ಹೊಡೆದ ಗ್ರೀಸು ಲೈನರಿನ ಮೇಲೆ ಸಿಡಿದರೆ ಬ್ರೇಕು ಜಾರುತ್ತದೆ. ಭಕ್ತಿ ಹೆಚ್ಚಾದರೂ ಅಪಾಯವೆಂದು ಹಿರಿಯರು ಹೇಳುವುದು ಇದಕ್ಕೇ ಇರಬೇಕು.

ಈ ಎಲ್ಲ ಗಲಾಟೆಯಲ್ಲಿ ಏಳೂವರೆ ಹೊಡೆಯಿತು. ತಾಯಿಯವರ ಮುಖ ಸಣ್ಣದಾಯಿತು. "ಅಣ್ಣಾ, ರಾಹುಕಾಲ ಬಂತಲ್ಲೋ" ಎಂದರು. ಮಾಮಾ ಕೈಯ ಕರಿಯನ್ನು ಬಟ್ಟೆಗೆ ಒರೆಸುತ್ತಾ ಹೇಳಿದರು: "ಬರಲೇಳು ತಂಗೆವ್ವ. ರಾಹು ಒಂದೂವರೆ ತಾಸಿಗೆ ತಾನs ಎದ್ದು ಹೋಗ್ತಾನ. ಸಡ್ಲಾದ ಬ್ರೇಕು ಹಂಗ ಹೋಗೂದಿಲ್ಲ. ಒಂಬತ್ತಕ್ಕ ಹೋಗೂಣು." ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀಗ ತೆಗೆದು ಒಳಗೆ ಹೋಗಿ, ಎಲ್ಲರಿಗೂ ಇನ್ನೊಂದು ಸಲ ಚಹಾ ಮಾಡಿದರು. ಆ ಮನೆಯಲ್ಲಿ ಅವರು ಮಾಡಿದ ಕೊನೆಯ ಚಹಾ ಅದು. ಈಗ ಯೋಚಿಸಿದರೆ ಆ ಒಂದೂವರೆ ತಾಸು ಅವರಿಗೂ ಬೇಕಾಗಿತ್ತೆಂದು ತೋರುತ್ತದೆ.

ಒಂಬತ್ತಕ್ಕೆ ಹೊರಟೆವು. ಮೆಣಸಿನಕಾಯಿಯ ಘಾಟಿಗೆ ಹುಬ್ಬಳ್ಳಿಯವರೆಗೆ ಸೀನಿದೆವು. ಬೆಳಗಾವಿಯ ಆಚೆ ಮೊಸರನ್ನ ಉಂಡೆವು. ಪ್ರತಿ ನಿಲುಗಡೆಯಲ್ಲಿಯೂ ಮಾಮಾ ಇಳಿದು, ಒಂದೊಂದೇ ಗಾಲಿಯ ಬಳಿ ಹೋಗಿ, ಡ್ರಮ್ಮನ್ನು ಮುಟ್ಟದೆ ಅಂಗೈಯನ್ನು ಹತ್ತಿರ ಒಯ್ದು ಶಾಖ ನೋಡುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ನೋಡುವಂತೆ. ಒಂದು ಗಾಲಿ ಉಳಿದವಕ್ಕಿಂತ ಬಹಳ ಬಿಸಿಯಿದ್ದರೆ ಅಲ್ಲಿ ಬ್ರೇಕು ಬಿಡದೆ ಉಜ್ಜುತ್ತಿದೆ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಹಿಡಿಯುತ್ತಲೇ ಇಲ್ಲ. ತಣ್ಣಗಿರುವುದು ಒಳ್ಳೆಯ ಲಕ್ಷಣವೆಂದು ನಾನು ತಿಳಿದಿದ್ದೆನಲ್ಲ!

ರಾತ್ರಿ ಹತ್ತರ ಸುಮಾರಿಗೆ ಕಾತ್ರಜದ ಸುರಂಗ ದಾಟಿದೆವು. ಅಲ್ಲಿಂದ ಕೆಳಗೆ ಪುಣೆಯ ದೀಪಗಳು. ಮಾಮಾ ಮಗನಿಗೆ ಒಂದೇ ಮಾತು ಹೇಳಿದರು: "ಗೇರು ಇಳಸು." ಲಾರಿ ಕೆಳಗಿನ ಗೇರಿನಲ್ಲಿ ಗೊಣಗುತ್ತಾ, ಎಂಜಿನ್ನಿನ ಹಿಡಿತದಲ್ಲಿಯೇ ಮೆಲ್ಲಗೆ ಇಳಿಯಿತು, ಬ್ರೇಕಿಗೆ ಕಾಲು ಬಿದ್ದದ್ದು ನಾಲ್ಕಾರು ಸಲ ಮಾತ್ರ. ನಮ್ಮ ಪಕ್ಕದಲ್ಲಿ ಇನ್ನೊಂದು ಲಾರಿ ಸದ್ದಿಲ್ಲದೆ ಜಾರಿಹೋಯಿತು. "ಅಂವ ನ್ಯೂಟ್ರಲ್ ಹಾಕ್ಯಾನ" ಎಂದರು ಮಾಮಾ. ತಡೆದು, "ಹುಡುಗಿದ್ದಾಗ ನಾನೂ ಮಾಡೇನಿ. ಡೀಸೆಲ್ ಉಳದ್ರ ಎರಡು ದುಡ್ಡು ಮನಿಗೆ ಅಂತ" ಎಂದರು.

ಈ ಇಳಿಜಾರಿನಲ್ಲಿಯೇ, ನವಲೆ ಸೇತುವೆಯ ಬಳಿ, 2022ರ ನವೆಂಬರ್ 20ರ ರಾತ್ರಿ ಒಂದು ಲಾರಿ ಹತೋಟಿ ತಪ್ಪಿ ಸುಮಾರು 48 ವಾಹನಗಳು ಜಖಂಗೊಂಡದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. "ಬ್ರೇಕ್ ಫೇಲ್" ಎಂದೇ ಮೊದಲು ಸುದ್ದಿ ಹಬ್ಬಿತು. ಆಮೇಲೆ, ಚಾಲಕ ಇಳಿಜಾರಿನಲ್ಲಿ ಎಂಜಿನ್ನನ್ನೇ ಆರಿಸಿದ್ದನೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಎಂಜಿನ್ನು ಆರಿಸಿದರೆ ಗಾಳಿ ತುಂಬುವ ಕಂಪ್ರೆಸರು ನಿಲ್ಲುತ್ತದೆ. ಟ್ಯಾಂಕಿನಲ್ಲಿ ಉಳಿದ ಗಾಳಿ ಕೆಲವು ಸಲದ ಬ್ರೇಕಿಗಷ್ಟೇ ಸಾಲುತ್ತದೆ. ಪವರ್ ಸ್ಟಿಯರಿಂಗಿಗೆ ಎಣ್ಣೆ ಒತ್ತುವ ಪಂಪೂ ನಿಂತು ಚಕ್ರ ಕಲ್ಲಿನಂತೆ ಭಾರವಾಗುತ್ತದೆ. ಎಂಜಿನ್ನಿನ ಸ್ವಂತ ಹಿಡಿತವೂ ಹೋಗುತ್ತದೆ. ಮೂರು ಆಸರೆಗಳನ್ನು ಒಂದೇ ಕೀಲಿಯಿಂದ ಕಳೆದುಕೊಳ್ಳುವುದೆಂದರೆ ಇದೇ. ಈಗಿನ ಎಲೆಕ್ಟ್ರಾನಿಕ್ ಎಂಜಿನ್ನುಗಳಂತೂ ಗೇರಿನಲ್ಲಿಯೇ ಇಳಿಯುವಾಗ ಡೀಸೆಲ್ ಸರಬರಾಯಿಯನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲಿನಲ್ಲಿ ಎಂಜಿನ್ನು ಆರದಂತಿರಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಉಳಿತಾಯವೆಂಬುದು ಬರಿಯ ಭ್ರಮೆ.

ಚಾಲಕನನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಡೀಸೆಲ್ಲಿಗೆ ಇಷ್ಟೇ ಎಂದು ಕಟ್ಟಿಕೊಡುವ ಮಾಲಿಕ, "ಸರಕು ಇನ್ನೂ ಬಂದಿಲ್ಲವೇ?" ಎಂದು ತಾಸಿಗೊಮ್ಮೆ ಫೋನು ಮಾಡುವ ವ್ಯಾಪಾರಿ, ರಾಹುಕಾಲಕ್ಕೆ ಮುಂಚೆ ಹೊರಡಲೇಬೇಕೆಂದು ಗಡಿಯಾರ ತೋರಿಸುವ ನನ್ನಂಥ ಅಳಿಯ, ಇವರೆಲ್ಲರೂ ಆ ಕಾಲಿನ ಮೇಲೆ ಕಾಲಿಟ್ಟವರೇ ಅಲ್ಲವೇ?

ನಾವು ಸುಖವಾಗಿ ಮನೆ ಸೇರಿದೆವು. ಒರಳುಕಲ್ಲು ಅಡಿಗೆಮನೆಯ ಮೂಲೆ ಸೇರಿತು. ಏನೂ ಆಗಲಿಲ್ಲ. ಬರೆಯಲು ಕುಳಿತವನಿಗೆ ಇದೊಂದು ತೊಂದರೆ. ಏನೂ ಆಗದ ಪ್ರಯಾಣವನ್ನು ಯಾರೂ ವರದಿ ಮಾಡುವುದಿಲ್ಲ. ಎಡಗಡೆಯ ಕಡೆಯ ಗಾಲಿ ಸಡಿಲವಿದ್ದೂ ನಾವು ಸುಖವಾಗಿಯೇ ಬಂದು ತಲುಪುತ್ತಿದ್ದೆವೋ ಏನೋ. ಅದೇ ಈ ರೋಗದ ಮೋಸ. ನೂರು ಸಲ ಸುಖವಾಗಿ ತಲುಪಿಸಿ, "ನೋಡದಿದ್ದರೂ ನಡೆಯುತ್ತದೆ" ಎಂಬ ಧೈರ್ಯ ಕೊಡುತ್ತದೆ.

ಇನ್ನು ನನ್ನ ಮಾತನ್ನೂ ಹೇಳಿಬಿಡಬೇಕು. ಹೇಳದಿದ್ದರೆ ಈ ಅಂಕಣ ಬರೆದದ್ದಕ್ಕೆ ಅರ್ಥವಿಲ್ಲ. ನಮ್ಮ ಕಚೇರಿಯಲ್ಲಿ ಬೆಂಕಿ ಆರಿಸುವ ಸಿಲಿಂಡರುಗಳ ಒಂದು ರಿಜಿಸ್ಟರಿದೆ. ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ನೋಡಿ "ಸರಿಯಿದೆ" ಎಂದು ಬರೆದು ಸಹಿ ಮಾಡುವುದು ನನ್ನ ಪಾಲಿನ ಕೆಲಸ. ಮೂರು ವರ್ಷದಿಂದ ಮಾಡುತ್ತಿದ್ದೇನೆ. ಅಕ್ಷರ ದುಂಡಾಗಿದೆ, ಒಂದು ತಿಂಗಳೂ ತಪ್ಪಿಲ್ಲ. ತಪ್ಪಿದ್ದು ಒಂದೇ: ನಾನು ಕುರ್ಚಿಯಿಂದ ಏಳುತ್ತಿರಲಿಲ್ಲ. ಹಿಂದಿನವರು ಹಾಗೆಯೇ ಮಾಡಿದ್ದರು. ನಾನೂ ಹಾಗೆಯೇ ಮಾಡಿದೆ.

ರಜೆ ಮುಗಿಸಿ ಹೋದ ದಿನ ಮಧ್ಯಾಹ್ನ ರಿಜಿಸ್ಟರನ್ನು ಬಗಲಲ್ಲಿಟ್ಟುಕೊಂಡು ಎದ್ದೆ. ಒಟ್ಟು ಹನ್ನೊಂದು ಸಿಲಿಂಡರು. ಪ್ರತಿಯೊಂದರ ಕತ್ತಿನಲ್ಲಿಯೂ ಲಾರಿಯಲ್ಲಿದ್ದಂಥದೇ ಒಂದು ಸಣ್ಣ ಮುಳ್ಳು. ಹಸಿರಿನಲ್ಲಿದ್ದರೆ ಒತ್ತಡ ಸರಿ. ಒಂಬತ್ತು ಹಸಿರಿನಲ್ಲಿದ್ದವು. ಎರಡು ಕೆಂಪಿಗೆ ಇಳಿದಿದ್ದವು. ಅವೆರಡರಲ್ಲೊಂದು ನಮ್ಮ ಹಳೆಯ ಕಡತಗಳ ಕೋಣೆಯ ಬಾಗಿಲಿನದು. ಆ ಕೋಣೆಯ ಒಳಗೆ ಒಬ್ಬ ಮುದುಕ ಜವಾನರು ದಿನವಿಡೀ ಕುಳಿತಿರುತ್ತಾರೆ, ಹೊರಗೆ ಬರಲು ಇರುವುದು ಆ ಬಾಗಿಲೊಂದೇ. ಎಷ್ಟು ತಿಂಗಳಿಂದ ಹಾಗಿತ್ತೋ ನನಗೆ ಗೊತ್ತಿಲ್ಲ. ರಿಜಿಸ್ಟರಿನ ಪ್ರಕಾರ ಎಂದೂ ಹಾಗಿರಲಿಲ್ಲ.

ಅಂದು ಮೊದಲ ಸಲ "ಎರಡು ಸರಿಯಿಲ್ಲ" ಎಂದು ಬರೆದು ಮೇಲಿನವರಿಗೆ ಒಪ್ಪಿಸಿದೆ. "ಹಿಂದಿನ ತಿಂಗಳು ಸರಿಯಿತ್ತಲ್ಲ?" ಎಂದರು. "ಹಿಂದಿನ ತಿಂಗಳು ನಾನು ನೋಡಿರಲಿಲ್ಲ" ಎಂದೆ. ಬೈಗುಳ ಬಿದ್ದಿತು, ಬೀಳಬೇಕಾದದ್ದೇ. ಹದಿನೈದು ದಿನದೊಳಗೆ ಎರಡೂ ತುಂಬಿ ಬಂದವು.

ಲಾರಿಗೂ ಇಂಥದೇ ಒಂದು ಕಾಗದವಿದೆ, ಯೋಗ್ಯತಾ ಪತ್ರ. 2018ರ ತಿದ್ದುಪಡಿಯಂತೆ ಎಂಟು ವರ್ಷದವರೆಗಿನ ಸರಕು ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಎಂದು ಗೊತ್ತುಮಾಡಿದರು. ಆ ಕಾಗದ ಬೇಕೇ ಬೇಕು. ಆದರೆ ಅದು ಪರೀಕ್ಷೆಯಾದ ಆ ಒಂದು ದಿನದ ಮಾತು. ಉಳಿದ ದಿನಗಳ ಯೋಗ್ಯತಾ ಪತ್ರವನ್ನು ಬರೆಯುವವನು ಸುಣ್ಣದ ಕಡ್ಡಿ ಹಿಡಿದು ಕೆಳಗೆ ಮಲಗುವವನು.

ನಾವು ಲಾರಿ ನಡೆಸುವವರಲ್ಲ. ಆದರೂ ನಮ್ಮಿಂದಾಗುವ ಎರಡು ಮೂರು ಕೆಲಸಗಳಿವೆ. ವರ್ಗವಾಗಿ ಮನೆ ಸಾಮಾನು ಸಾಗಿಸಲು ಲಾರಿ ಗೊತ್ತುಮಾಡುವಾಗ ಬಾಡಿಗೆಯ ಜೊತೆಗೆ ಯೋಗ್ಯತಾ ಪತ್ರದ ತಾರೀಖನ್ನೂ ಕೇಳಿರಿ. ಹೊರಡುವ ಮುನ್ನ ಚಾಲಕ ಗಾಲಿ ನೋಡುತ್ತಿದ್ದರೆ ಅವನಿಗೆ ಅರ್ಧ ತಾಸು ಕೊಡಿ, ಸಾಧ್ಯವಾದರೆ ಒಂದು ಚಹಾ ಕೊಡಿ. ಕಾರು ನಡೆಸುವವರು ಇಳಿಜಾರಿನಲ್ಲಿ ಲಾರಿಯ ಮುಂದಿನ ಖಾಲಿ ಜಾಗಕ್ಕೆ ನುಗ್ಗಬೇಡಿ. ಆ ಜಾಗ ಅವನ ಸೋಮಾರಿತನದ್ದಲ್ಲ, ಅವನ ಬ್ರೇಕಿನದು. ಕಾಲೊತ್ತಿದ ಮೇಲೆ ಗಾಳಿ ಗಾಲಿಯವರೆಗೆ ಹೋಗಿ ಹಿಡಿಯಲು ಸುಮಾರು ಅರ್ಧ ಸೆಕೆಂಡು ಬೇಕು, 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿಯೇ ಲಾರಿ 8 ಮೀಟರು ಮುಂದೆ ಬಂದಿರುತ್ತದೆ. ನಿಜವಾದ ನಿಲ್ಲುವಿಕೆ ಆಮೇಲಿನದು.

ಬರುವ ದೀಪಾವಳಿಗೆ ನೀವೆಲ್ಲ ಊರಿಗೆ ಹೋಗಿ ಬರುವವರು. ನಿಮ್ಮ ಪ್ರಯಾಣದಲ್ಲಿ ವರದಿ ಮಾಡುವಂಥದು ಏನೂ ಆಗದಿರಲಿ ಎಂಬುದೇ ನನ್ನ ಹಾರೈಕೆ.

ತಾಯಿಯವರು ಈಗ ನಮ್ಮ ಜೊತೆಗೇ ಇದ್ದಾರೆ. ಒರಳಿನಲ್ಲಿ ಚಟ್ನಿ ಅರೆಯುತ್ತಾರೆ. ಕೆಳಗಿನ ಮನೆಯವರಿಂದ ಸದ್ದಿನ ಬಗ್ಗೆ ಒಂದು ದೂರೂ ಬಂದಿದೆ. ಅದರ ವಿಚಾರಣೆ ಮುಂದಿನ ಸಂಚಿಕೆಯಲ್ಲಿ. ಅಲ್ಲಿಯವರೆಗೆ ನಮಸ್ಕಾರ.